ನಾಲ್ಕನೇ ಗುಂಪು

ಜುಲೈ 12, 2023, ಬುಧವಾರ

ಇಂದು ಇಲಿಗಳಿಗೆ ಮೊದಲ ಡೋಸ್ ಕೊಟ್ಟೆ. ಮೊದಲ ಗುಂಪಿಗೆ ಏನೂ ಇಲ್ಲ, ತಿಂದುಂಡು ಆರಾಮಾಗಿವೆ. ಎರಡನೆಯದಕ್ಕೆ ನಿಕ್ಕಲ್ ನ್ಯಾನೊ ಕಣ. ಮೂರನೆಯದಕ್ಕೆ ಬರೀ ವಿಟಮಿನ್ ಇ. ನಾಲ್ಕನೆಯದಕ್ಕೆ ಎರಡೂ. ಕಣವೆಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ರಕ್ತ ಹೋದಲ್ಲೆಲ್ಲ ಹೋಗುತ್ತದೆ. ಯಕೃತ್ತು, ಶ್ವಾಸಕೋಶದ ಜೀವಕೋಶಗಳಲ್ಲಿ ಸೇರಿಕೊಂಡು ತಗಡಿಗೆ ತುಕ್ಕು ಹಿಡಿದಂತೆ ಒಳಗಿಂದ ತಿನ್ನುತ್ತದೆ. ಆ ತುಕ್ಕನ್ನು ವಿಟಮಿನ್ ತಡೆಯುತ್ತದೆಯೇ, ತಡೆದರೆ ಎಷ್ಟು, ಅದೇ ನನ್ನ ಪಿಎಚ್‌ಡಿ.

ಮೂರು ವರ್ಷ ಎಲ್ಲರೂ ಕೇಳಿದ ಪ್ರಶ್ನೆ ಒಂದೇ. ಇಲಿ ಕೊಯ್ಯಲಿಕ್ಕೆ ಇಷ್ಟು ಓದಬೇಕೇನು? ಕೇಳಲಿ. ನನಗೆ ಈ ವಿಷಯ ಬೇಕಾಗಿತ್ತು. ಸ್ಟೇನ್‌ಲೆಸ್ ಸ್ಟೀಲ್ ಬೆಸೆಯುವಾಗ ಏಳುವ ಹೊಗೆಯಲ್ಲಿ ನಿಕ್ಕಲ್ ಇರುತ್ತದೆಂದು ಓದಿದ ದಿನ ನನಗೆ ಊಟ ಸೇರಿರಲಿಲ್ಲ. ನನ್ನ ಒಡಹುಟ್ಟಿದ ಉಮರಣ್ಣ ಹದಿಹರೆಯದಿಂದ ವೆಲ್ಡರ್. ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ತೊಳೆಯುವ ಸ್ಟೀಲ್ ಟಾಂಕಿಗಳಲ್ಲಿ ಅವನ ಕೈ ತಾಗದ್ದು ಕಡಿಮೆ. ಟಾಂಕಿಯೊಳಗೆ ಇಳಿದು, ಮಡಚಿ ಕುಳಿತು, ಒಳಗಿನಿಂದ ಬೆಸುಗೆಯ ಹೊಲಿಗೆ ಹಾಕುತ್ತಾನೆ. ಹೊಗೆ ಹೋಗಲು ಮೇಲಿನ ಬಾಯಿ ಒಂದೇ, ಅದೂ ಅವನ ಮುಖ ದಾಟಿಯೇ ಹೋಗಬೇಕು.

ಇತ್ತೀಚೆಗೆ ಅವನ ಕೆಮ್ಮು ನಿಲ್ಲುತ್ತಲೇ ಇಲ್ಲ. ಸಂಜೆ ಅವನ ಹೆಂಡತಿ ಗುಲಶನ ಭಾಬಿ ರೊಟ್ಟಿ ಬಡಿಯುತ್ತಲೇ ಶುರುಮಾಡಿದಳು.

“ಸಮ್ರೀನ, ಕೆಲಸ ಬಿಡು ಅಂತ ನೀನರೆ ಹೇಳ್ ಬೇ. ನಾ ಹೇಳಿದ್ರ ಕಿವ್ಯಾಗ ಹಾಕ್ಕೊಳ್ಳಂಗಿಲ್ಲ. ನಿನ್ನ ಮಾತು ಅಂವಾ ಮೀರಂಗಿಲ್ಲ.”

ಹೇಳುತ್ತೇನೆ ಅಂದೆ. ಅಣ್ಣನ ಕೊರಳಲ್ಲಿ ಹೊಸ ತಾಯತ ಕಂಡಿತು, ಭಾಬಿಯದೇ ಕೆಲಸ. ತಾಯತ ಕಟ್ಟಿದರೆ ಶ್ವಾಸಕೋಶ ಶುದ್ಧವಾಗುತ್ತದೇನು ಎಂದು ನಕ್ಕುಬಿಟ್ಟೆ. ಅವಳು ಹಿಟ್ಟಿನ ಕೈಯಿಂದಲೇ ನನ್ನ ಬೆನ್ನಿಗೊಂದು ಕೊಟ್ಟಳು.

ಆಗಸ್ಟ್ 27, ರವಿವಾರ

ಎದೆಯ ಡಾಕ್ಟರು ಎಕ್ಸ್‌ರೇ ನೋಡಿ ಎರಡೇ ಮಾತು ಹೇಳಿದರು. ಕೆಲಸ ಬಿಡಬೇಕು. ಬಿಡಲಾಗದಿದ್ದರೆ ಗಾಳಿ ಸೋಸುವ ಡಬ್ಬಿಯಿರುವ ದೊಡ್ಡ ಮಾಸ್ಕ್ ಇಲ್ಲದೆ ಟಾಂಕಿಗೆ ಇಳಿಯಬಾರದು.

“ಬಿಟ್ಟು ಏನ್ ಮಾಡ್ಲಿರಿ? ಮನ್ಯಾಗ ಕುಂತ್ರ ಮೈಗೆ ಜಂಗ್ ಹತ್ತತೈತಿ,” ಅಂದ ಅಣ್ಣ. ಡಾಕ್ಟರಿಗೂ ನಗು ಬಂತು. ಜಂಗ್ ಎಂದರೆ ತುಕ್ಕು, ನಗುವ ಮಾತಲ್ಲ ಅದು.

ಮಾಸ್ಕ್ ತಂದುಕೊಟ್ಟೆ. ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡು, “ಹಂದಿ ಮೋತಿ ಆತಲ್ಲೋ ಯಪ್ಪಾ,” ಅಂದ. ಅವನ ಪದ್ಧತಿಯೇ ಬೇರೆ. ಕಿಡಿ ಹಾರಿಸುವ ಮೊದಲು ತಂಡದವರೆಲ್ಲ ಒಂದೊಂದು ತುಣುಕು ಬೆಲ್ಲ ಬಾಯಿಗೆ ಹಾಕುತ್ತಾರೆ. ಹೊಗೆ ಬೆಲ್ಲಕ್ಕೆ ಅಂಟಿ ಹೊಟ್ಟೆಗಿಳಿದು ಹೋಗುತ್ತದಂತೆ. ಗಂಟಲು ದಾರಿಯೇ ಬೇರೆ, ಉಸಿರಿನ ದಾರಿಯೇ ಬೇರೆ ಎಂದು ಚಿತ್ರ ಬರೆದು ತೋರಿಸಿದೆ. ಚಿತ್ರ ಚೆನ್ನಾಗಿದೆ ಅಂದ.

ಈಗ ಮಳೆಗಾಲ, ದ್ರಾಕ್ಷಿಯವರ ಕೆಲಸವಿಲ್ಲ. ಕೆಲಸ ಬಿಡಿಸುವ ಮಾತು ಆಮೇಲೆ ಎತ್ತಿದರಾಯಿತು.

ಸೆಪ್ಟೆಂಬರ್ 21, ಗುರುವಾರ

ರಕ್ತ ಪರೀಕ್ಷೆಯ ಫಲಿತಾಂಶ ಬಂತು! ಎರಡನೇ ಗುಂಪು ಹಾಳಾಗಿ ಹೋಗಿದೆ, ಕೂದಲು ನಿಮಿರಿ ಮೂಲೆ ಹಿಡಿದು ಕೂತಿವೆ. ನಾಲ್ಕನೇ ಗುಂಪಿನ ರಕ್ತ ಹೆಚ್ಚುಕಡಿಮೆ ಮೊದಲ ಗುಂಪಿನಂತೆಯೇ ಇದೆ. ಅದೇ ನಿಕ್ಕಲ್, ಅದೇ ಪ್ರಮಾಣ, ಆದರೂ ಲವಲವಿಕೆಯಿಂದ ಓಡಾಡುತ್ತಿವೆ. ಒಂದು ನನ್ನ ಬೆರಳು ನೆಕ್ಕಿತು. ಖುಷಿಗೆ ಕಣ್ಣಲ್ಲಿ ನೀರು ಬಂದು ತೋಳಿನಿಂದಲೇ ಒರೆಸಿಕೊಂಡೆ.

ಗೈಡ್ ವಿಶಾಖಾ ಮೇಡಂ ಹಾಳೆ ತಿರುವಿ, “ಚೊಲೊ ಬಂದೈತಿ. ಆದ್ರ ರಕ್ತ ನೋಡಿ ಕುಣಿಬ್ಯಾಡ. ಅಂಗಾಂಶದ ಸ್ಲೈಡ್ ಇನ್ನೂ ನೋಡಿಲ್ಲ,” ಅಂದರು. ಸರಿಯಾದ ಮಾತೇ. ಒಂದು ಪರೀಕ್ಷೆಯಿಂದ ಏನನ್ನೂ ಹೇಳಲಾಗದು, ಅದೂ ಇಲಿಯಿಂದ ಮನುಷ್ಯನಿಗೆ.

ಬರುವಾಗ ಗಾಂಧಿ ಚೌಕದಲ್ಲಿ ಇಳಿದು ಅಣ್ಣನಿಗೆಂದು ವಿಟಮಿನ್ ಇ ಗುಳಿಗೆ ಕೊಂಡೆ. ನಷ್ಟವಂತೂ ಇಲ್ಲವಲ್ಲ.

ಅಕ್ಟೋಬರ್ 30, ಸೋಮವಾರ

ಅಣ್ಣನ ಕೆಮ್ಮು ಅರ್ಧಕ್ಕಿಳಿದಿದೆ. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ಹಸಿರು ಗುಳಿಗೆಯನ್ನು ಬೆಳಕಿಗೆ ಹಿಡಿದು, “ಇದರಾಗ ಏನ್ ಹಾಕ್ಯಾರ ನೋಡು, ಎದಿ ಹೂವಿನಂಗ ಆಗೈತಿ,” ಎನ್ನುತ್ತಾನೆ.

ಮೇಡಂಗೆ ಹೇಳಿದೆ. ಅವರು ತಲೆಯಾಡಿಸಿದರು.

“ನಾವು ನಿಕ್ಕಲ್ ಕೊಟ್ಟ ದಿನದಿಂದನ ವಿಟಮಿನ್ ಕೊಟ್ಟೇವಿ ಸಮ್ರೀನ. ನಿಮ್ಮಣ್ಣ ವರ್ಷಾನುಗಟ್ಟಲೆ ಹೊಗಿ ಕುಡದಾನ. ಅಂವ ನಮ್ಮ ಯಾವ ಗುಂಪಿನಾಗೂ ಬರಂಗಿಲ್ಲ. ಮತ್ತ ಈಗ ಕೆಲಸ ಐತೇನು ಅವಂಗ?”

ಇಲ್ಲ ಅಂದೆ. ಕೆಲಸವಿಲ್ಲದ್ದಕ್ಕೇ ಕೆಮ್ಮು ಕಡಿಮೆ ಎಂದು ಅವರ ಲೆಕ್ಕ. ಇರಬಹುದು. ಆದರೆ ಹೋದ ವರ್ಷದ ಮಳೆಗಾಲದಲ್ಲೂ ಕೆಲಸವಿರಲಿಲ್ಲ, ಆಗ ಕೆಮ್ಮು ಇಷ್ಟು ಇಳಿದಿರಲಿಲ್ಲ. ನನಗೆ ಹಾಗೆ ನೆನಪು.

ಡಿಸೆಂಬರ್ 18, ಸೋಮವಾರ

ತಿಕೋಟಾದಲ್ಲಿ ಕೆಲಸ ಶುರು. ಭಾಬಿ ಬಾಗಿಲಿಗೆ ಅಡ್ಡ ನಿಂತಿದ್ದಳು. “ಹೇಳ್ತೀನಿ ಅಂದಿದ್ದಿ. ಹೇಳು ಈಗ,” ಎಂದು ನನ್ನ ಕಡೆ ನೋಡಿದಳು. ಅಣ್ಣನೂ ನೋಡಿದ. ಹೋಗಬೇಡ ಎಂದು ನಾನು ಅಂದಿದ್ದರೆ ಅವನು ಚೀಲ ಕೆಳಗಿಡುತ್ತಿದ್ದ, ಅದು ನನಗೆ ಗೊತ್ತು.

“ಮಾಸ್ಕ್ ಹಾಕ್ಕೊ, ಗುಳಿಗಿ ತಪ್ಪಿಸಬ್ಯಾಡ,” ಅಂದೆ.

ಭಾಬಿ ದಾರಿ ಬಿಟ್ಟಳು. ಸಂಜೆ ನನ್ನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಜನವರಿ 14, 2024, ರವಿವಾರ

ಬುತ್ತಿ ಕೊಡುವ ನೆಪದಲ್ಲಿ ಅಣ್ಣನನ್ನು ನೋಡಲು ತಿಕೋಟಾಕ್ಕೆ ಹೋಗಿದ್ದೆ. ಬಸ್ಸಿಳಿದು ದ್ರಾಕ್ಷಿ ತೋಟಗಳ ನಡುವೆ ನಡೆದೆ. ಹಸಿರು ಜಾಲರಿಯ ಒಣಗಿಸುವ ಶೆಡ್ಡುಗಳ ಪಕ್ಕದಲ್ಲಿ ತಗಡಿನ ಹೊಸ ಕಟ್ಟಡ, ಅದರೊಳಗೆ ಟಾಂಕಿ. ಎಲ್ಲರೂ ಕೆಲಸಕ್ಕಿಳಿಯುವ ಹೊತ್ತು. ನಾನು ಬಾಗಿಲ ಹೊರಗೇ ನಿಂತು ನೋಡಿದೆ.

ಅಣ್ಣ ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದ. ಅವನ ಜೊತೆಗಾರ ಬುಡ್ಡೇಸಾಬ ಚಾಚಾ ಮೊದಲು ಅಂಗೈ ಚಾಚಿದರು, ಆಮೇಲೆ ಉಳಿದವರು. ಒಬ್ಬೊಬ್ಬರಿಗೆ ಒಂದು. ಬಿಸ್ಮಿಲ್ಲಾ ಎಂದು ನುಂಗಿದರು, ನೀರು ಕುಡಿದರು, ಟಾಂಕಿಗಿಳಿದರು. ಬೆಲ್ಲದ ಡಬ್ಬಿ ಎಲ್ಲೂ ಕಾಣಲಿಲ್ಲ. ಬೆಲ್ಲದ ಜಾಗಕ್ಕೆ ನನ್ನ ಗುಳಿಗೆ ಬಂದಿತ್ತು. ನಾನು ಕೊಟ್ಟ ಮಾಸ್ಕ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ.

ಕೂಗಾಡಿಬಿಟ್ಟೆ. ಅಣ್ಣ ಟಾಂಕಿಯ ಬಾಯಿಂದ ತಲೆ ಹೊರಗೆ ಹಾಕಿದ.

“ಗುಳಿಗಿ ತಗೊಂಡವಂಗ ಮಾಸ್ಕ್ ಯಾಕ ಬೇಕಲೇ? ಅದನ್ನ ಹಾಕ್ಕೊಂಡ್ರ ಉಸುರು ಕಟ್ಟತೈತಿ. ನೀನ ಹೇಳಿದ್ದಿ, ವಿಷ ಹಾಕಿದ್ರೂ ಇಲಿ ಗಟ್ಟಿಮುಟ್ಟ ಇದ್ದಾವು ಅಂತ. ಆ ಇಲಿಗೆ ಮಾಸ್ಕ್ ಹಾಕಿದ್ದೇನು?”

ಎಲ್ಲರೂ ನಕ್ಕರು. ಚಾಚಾ ಟಾಂಕಿಯಿಂದ ಹೊರಬಂದು ನನ್ನ ತಲೆಯ ಮೇಲೆ ಕೈಯಿಟ್ಟು, “ಇಂಥಾ ಮಗಳು ಮನಿಗೊಬ್ಬಾಕಿ ಇರಬೇಕ ನೋಡ. ಹೋದ ತಿಂಗಳಿಂದ ನನ್ನ ದಮ್ಮೂ ಕಡಿಮಿ ಆಗೈತಿ ಬೇ,” ಅಂದರು. ಎಲ್ಲರೂ ನನ್ನ ಕಡೆ ನೋಡುತ್ತಿದ್ದ ರೀತಿ! ಕಾಲೇಜಿನಲ್ಲಿ ನನ್ನನ್ನು ಯಾರೂ ಹಾಗೆ ನೋಡಿಲ್ಲ. ಗುಳಿಗೆಯ ಜೊತೆ ಮಾಸ್ಕೂ ಬೇಕು ಎಂದು ಮತ್ತೆ ಹೇಳಿದೆ. ಹೂಂ ಹೂಂ ಅಂದರು.

ಬಸ್ಸಿನಲ್ಲಿ ಬರುವಾಗ, ಚಾಚಾನ ದಮ್ಮೂ ಕಡಿಮೆಯಾಗಿರುವುದನ್ನು ಮೇಡಂಗೆ ಹೇಳಬೇಕು ಅಂದುಕೊಂಡೆ. ಆಮೇಲೆ ಬೇಡವೆನಿಸಿತು. ಅವರಿಗೆ ಎಲ್ಲಕ್ಕೂ ಅನುಮಾನ.

ಫೆಬ್ರವರಿ 9, ಶುಕ್ರವಾರ

ಸ್ಲೈಡುಗಳು ಬಂದವು.

ನಾಲ್ಕನೇ ಗುಂಪಿನ ಯಕೃತ್ತು ಚೆನ್ನಾಗಿದೆ. ಮೂತ್ರಪಿಂಡವೂ ಪರವಾಗಿಲ್ಲ. ಶ್ವಾಸಕೋಶವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಸೂಕ್ಷ್ಮದರ್ಶಕ ಸರಿಮಾಡಿ ನೋಡಿದೆ, ಸ್ಲೈಡ್ ಅದಲುಬದಲಾಗಿದೆ ಎನಿಸಿ ಚೀಟಿ ಓದಿದೆ, ಮತ್ತೆ ನೋಡಿದೆ. ಗಾಳಿಚೀಲಗಳ ಗೋಡೆ ದಪ್ಪಗಾಗಿವೆ. ನಡುನಡುವೆ ಮಾಯ್ದ ಗಾಯದಂಥ ಗಡಸು ನಾರು. ಎರಡನೇ ಗುಂಪಿಗಿಂತ ಕಡಿಮೆ, ನಿಜ. ಆದರೆ ಇದೆ. ಲವಲವಿಕೆಯಿಂದ ಓಡಾಡುತ್ತಿದ್ದ, ನನ್ನ ಬೆರಳು ನೆಕ್ಕಿದ ಆ ಇಲಿಗಳ ಎದೆಯಲ್ಲಿ ಆಗಲೇ ಇದೆಲ್ಲ ಇತ್ತು.

ಮೇಡಂ ಪಕ್ಕದಲ್ಲೇ ನಿಂತು ನೋಡಿದರು. “ವಿಟಮಿನ್ ಉರಿ ಕಡಿಮಿ ಮಾಡೈತಿ, ಕಣ ಹೊರಗ ಹಾಕಿಲ್ಲ. ನಿಕ್ಕಲ್ ಕೊಡೂದು ನಿಲ್ಲಿಸಿದ್ರ ಉಳೀತಿದ್ದವೇನೋ. ನಾವು ದಿನಾ ಕೊಟ್ಟೇವಿ,” ಅಂದರು. ಸ್ಲೈಡ್ ತೆಗೆದಿಟ್ಟು, “ನಿಮ್ಮಣ್ಣಗ ಇವತ್ತ ಹೇಳು,” ಅಂದರು.

ಫೆಬ್ರವರಿ 10, ಶನಿವಾರ

ಹೇಳಲಾಗಲಿಲ್ಲ. ಅವನು ಉಣ್ಣುತ್ತಿದ್ದ.

ಫೆಬ್ರವರಿ 17, ಶನಿವಾರ

ಯೋಚಿಸಿ ನೋಡಿದೆ. ಇಲಿಗೆ ಕೊಟ್ಟ ನಿಕ್ಕಲ್ ಪ್ರಮಾಣ ಬಹಳ ದೊಡ್ಡದು, ಅಣ್ಣನಿಗೆ ಹೋಗುವುದು ಕಡಿಮೆ. ಮತ್ತು ವಿಟಮಿನ್ ಕಡಿಮೆಯಾಗಿರಬಹುದು. ಇಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು.

ಮಾರ್ಚ್ 13, ಬುಧವಾರ

ರಂಜಾನಿನ ರೋಜಾ ಶುರುವಾಗಿದೆ. ಅಣ್ಣ ಉಪವಾಸ ಮಾಡುತ್ತೇನೆಂದು ಹಟ ಹಿಡಿದಿದ್ದ, ಮೊದಲ ದಿನ ಮಧ್ಯಾಹ್ನಕ್ಕೇ ತುಟಿ ನೀಲಿಯಾಯಿತು. ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಶ್ವಾಸಕೋಶ ಕೆಳಗಿನಿಂದ ಮುದುಡುತ್ತಾ ಬಂದಿದೆ, ಅದು ಮತ್ತೆ ಬಿಚ್ಚುವುದಿಲ್ಲ ಅಂದರು. ಪರದೆಯ ಮೇಲೆ ಕಂಡದ್ದನ್ನು ನಾನು ಒಮ್ಮೆ ನೋಡಿಯಾಗಿತ್ತು. ಸಣ್ಣದಾಗಿ, ಗಾಜಿನ ಮೇಲೆ.

ಹೊರಗೆ ಅಣ್ಣ ಬೆಂಚಿನ ಮೇಲೆ ಕುಳಿತಿದ್ದ. “ಏನಂದ್ರು?”

“ಸ್ವಲ್ಪ ಸೋಂಕು. ವಿಶ್ರಾಂತಿ ತಗೋಬೇಕು.”

“ಸೀಜನ್ ಮುಗೀಲಿ, ತಗೊಂಡ್ರಾತು. ಬಬಲೇಶ್ವರದಾಗ ಎರಡ ಟಾಂಕಿ ಉಳದಾವು. ಗುಳಿಗಿ ನಸಿಕಿನ್ಯಾಗ ಸೆಹರಿ ಊಟಕ್ಕ ತಗೊಂಡ್ರ ನಡೀತೈತಲ್ಲ?”

ರೋಜಾ ಬಿಡು, ಗುಳಿಗೆ ಬಿಡಬೇಡ ಅಂದೆ. ಕೆಲಸ ಬಿಡು ಎನ್ನಬೇಕಿತ್ತು, ಬಾಯಲ್ಲಿ ಬಂದದ್ದು ಅದು. ಅವನ ಮುಖದಲ್ಲಿ ಇಷ್ಟೂ ಹೆದರಿಕೆಯಿರಲಿಲ್ಲ. ಆ ಧೈರ್ಯವನ್ನು ನಾನೇ ಕೊಟ್ಟಿದ್ದೆ, ನಾನೇ ಹೇಗೆ ಕಿತ್ತುಕೊಳ್ಳಲಿ? ಆ ಹಾಳಾದ ಧೈರ್ಯದಿಂದಲಾದರೂ ಅವನು ಉಣ್ಣುತ್ತಿದ್ದಾನೆ, ನಗುತ್ತಿದ್ದಾನೆ.

ಏಪ್ರಿಲ್ 24, ಬುಧವಾರ

ಮಧ್ಯಾಹ್ನ ಬುಡ್ಡೇಸಾಬ ಚಾಚಾ ಫೋನ್ ಮಾಡಿದರು. ಬಬಲೇಶ್ವರದಲ್ಲಿ ಟಾಂಕಿಯೊಳಗೆ ಅಣ್ಣ ಬಿದ್ದಿದ್ದಾನೆ. ಕೂಗಿದರೆ ಓಗೊಡಲಿಲ್ಲವಂತೆ. ಕಂಕುಳಿಗೆ ಹಗ್ಗ ಹಾಕಿ ಮೇಲೆಳೆದರಂತೆ. ಆಸ್ಪತ್ರೆಗೆ ನಾನು ಮುಟ್ಟಿದಾಗ ಮೂಗಿಗೆ ಆಮ್ಲಜನಕ ಹಾಕಿದ್ದರು. ಕಣ್ಣು ಬಿಟ್ಟವನೇ ತಡೆತಡೆದು, “ಇವತ್ತ ಗುಳಿಗಿ ತಗೊಂಡಿದ್ದಿಲ್ಲ ಸಮ್ರೀ, ಮರತಿದ್ದೆ. ಅದಕ್ಕ ಹಿಂಗ ಆತು,” ಅಂದ.

ಅಲ್ಲ ಎನ್ನಲು ನನ್ನಿಂದಾಗಲಿಲ್ಲ. ಭಾಬಿ ಅವನ ಕಾಲ ಹತ್ತಿರ ಕುಳಿತು ನನ್ನನ್ನೇ ನೋಡುತ್ತಿದ್ದಳು. ಕಾರಿಡಾರಿಗೆ ಬಂದು ನನ್ನ ತೋಳು ಹಿಡಿದಳು.

“ಖರೆ ಹೇಳು. ಆ ಗುಳಿಗಿಯಿಂದ ಏನರೆ ಆಗತೈತೇನು?”

“ಆಗತೈತಿ ಭಾಬಿ. ಸ್ವಲ್ಪ ಆಗತೈತಿ.”

“ಸ್ವಲ್ಪ,” ಅಂದಳು. ತೋಳು ಬಿಟ್ಟಳು.

ಜೂನ್ 30, ರವಿವಾರ

ಬಹಳ ದಿನ ಬರೆದಿಲ್ಲ. ಮನೆಯಲ್ಲಿ ಆಮ್ಲಜನಕದ ಯಂತ್ರ ಗುರ್ ಅನ್ನುತ್ತಿರುತ್ತದೆ. ಅಣ್ಣ ಮಂಚದಿಂದ ಬಾಗಿಲಿಗೆ ಬರುವುದರಲ್ಲಿ ದಣಿಯುತ್ತಾನೆ. ಕಟ್ಟುಮಸ್ತಾದ ಆಳಾಗಿದ್ದ, ಅಂಗಿ ಈಗ ಮೊಳೆಗೆ ಹಾಕಿದಂತೆ ಹೆಗಲಿಂದ ನೇತಾಡುತ್ತದೆ. ಅಲ್ಲಾಹ್, ನೋಡಲಾಗುವುದಿಲ್ಲ.

ವಿಟಮಿನ್ ಸಿ ಕೂಡ ಸೇರಿಸಿದ್ದೇನೆ. ಎರಡೂ ಕೂಡಿ ಕೊಟ್ಟರೆ ಹೆಚ್ಚು ಪರಿಣಾಮವೆಂದು ಓದಿದೆ. ಗುಳಿಗೆಯನ್ನು ನಾನೇ ಬಾಯಿಗೆ ಹಾಕುತ್ತೇನೆ. ಬಲಗೈಯಲ್ಲಿ ಹಿಡಿದು, ಕುರಾನಿನ ಸಾಲು ಓದಿ, ಅದರ ಮೇಲೆ ಊದಿ ಹಾಕುತ್ತೇನೆ. ನಾನು ಹಾಕಿದ ದಿನ ಅವನಿಗೆ ಹಿತವಾಗಿರುತ್ತದೆ, ಭಾಬಿ ಹಾಕಿದ ದಿನ ಕೆಮ್ಮು ಹೆಚ್ಚು. ಇದನ್ನು ಗಮನಿಸಿ ನೋಡಿದ್ದೇನೆ. ಆದ್ದರಿಂದ ಕಾಲೇಜಿಗೆ ಹೋಗುವುದನ್ನೂ ಕಡಿಮೆ ಮಾಡಿದ್ದೇನೆ.

ಮೇಡಂ ಮನೆಗೆ ಬಂದಿದ್ದರು. ಅಣ್ಣನೊಡನೆ ಮಾತಾಡಿದರು, ನಗಿಸಿದರು. ಹೋಗುವಾಗ ನನ್ನನ್ನು ಅಪ್ಪಿಕೊಂಡು, “ನಿನಗ ಗೊತ್ತಿದ್ದದ್ದನ್ನ ನೀನ ಮರ್ತಿ,” ಅಂದರು. ನಾನೇನು ಮರೆತಿದ್ದೇನೆ? ಎಲ್ಲ ಬಾಯಿಪಾಠ ಬರುತ್ತದೆ ನನಗೆ. ಎಂಥ ಮಾತಾಡುತ್ತಾರೆ.

ಸೆಪ್ಟೆಂಬರ್ 6, ಶುಕ್ರವಾರ

ಅಣ್ಣ ಹೋದ. ಬೆಳಿಗ್ಗೆ ಗುಳಿಗೆ ನಾಲಿಗೆಯ ಮೇಲಿಟ್ಟೆ. ನುಂಗಲಿಲ್ಲ.

ಜುಮ್ಮಾ ನಮಾಜಿನ ನಂತರ ಮಣ್ಣಾಯಿತು. ತಿಕೋಟಾದಿಂದ, ಬಬಲೇಶ್ವರದಿಂದ ವೆಲ್ಡರುಗಳೆಲ್ಲ ಬಂದಿದ್ದರು. ಒಬ್ಬರಾದ ಮೇಲೊಬ್ಬರು ಕೆಮ್ಮುತ್ತಿದ್ದರು. ಒಳಗೆ ಹೆಂಗಸರ ನಡುವೆ ಕುಳಿತ ನನಗೆ ಆ ಕೆಮ್ಮು ಕೇಳುತ್ತಿತ್ತು.

ನವೆಂಬರ್ 12, ಮಂಗಳವಾರ

ಪ್ರಬಂಧದ ಕೊನೆಯ ಅಧ್ಯಾಯ ಬರೆದು ಕೊಟ್ಟೆ. ‘ವಿಟಮಿನ್ ಇ ರಕ್ಷಣೆ ನೀಡುತ್ತದೆ’ ಎಂದು ಬರೆದಿದ್ದೆ. ಮೇಡಂ ನಡುವೆ ‘ಭಾಗಶಃ’ ಎಂದು ಸೇರಿಸಿದರು. ನಾನು ಜಗಳ ಮಾಡಿದೆ. ಟೇಬಲ್ ಬಡಿದು ಮಾತಾಡಿದೆನಂತೆ, ಪಕ್ಕದ ಕೋಣೆಯವರು ಬಂದು ನೋಡಿದರು. ಮೇಡಂ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿರುತ್ತಿತ್ತು.

ಮನೆಗೆ ಬಂದರೆ ಮಾತಿಲ್ಲ. ಭಾಬಿ ನನಗೆ ಬಡಿಸುತ್ತಾಳೆ, ಬಟ್ಟೆ ಮಡಚಿಡುತ್ತಾಳೆ. ಮಾತು ಮಾತ್ರ ಆಡುವುದಿಲ್ಲ. ಅವಳೊಮ್ಮೆ ಬೈದರೆ ಸಾಕು. ಇಬ್ಬರೂ ಒಂದೇ ಮನೆಯಲ್ಲಿ ಅವನಿಲ್ಲದೆ ಕೂತಿದ್ದೇವೆ. ನನಗೆ ಸತ್ತು ಹೋಗಬೇಕು ಅನಿಸುತ್ತದೆ. ಆಮೇಲೆ ಅವಳಿಗೆ ಯಾರಿದ್ದಾರೆ ಅನಿಸುತ್ತದೆ.

ಡಿಸೆಂಬರ್ 8, ರವಿವಾರ

ಇಂದು ಬುಡ್ಡೇಸಾಬ ಚಾಚಾ ಬಂದರು. ಭಾಬಿ ಇದ್ದತ್ತಿನಲ್ಲಿದ್ದಾಳೆ. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರೆದುರು ಬರುವಂತಿಲ್ಲ. ಅವಳು ಪರದೆಯ ಹಿಂದೆಯೇ ಉಳಿದಳು. ಚಾಚಾ ಕಟ್ಟೆಯ ಮೇಲೆ ಕುಳಿತು ಉಸಿರು ತಹಬಂದಿಗೆ ಬರುವವರೆಗೆ ಎದೆ ನೀವಿಕೊಂಡರು.

“ನಾಳಿಂದ ಬಬಲೇಶ್ವರದಾಗ ಕೆಲಸ ಹಿಡಿದೇವಿ ಬೇ. ಉಮರ ಇಲ್ಲ, ಎಲ್ಲಾ ನನ್ನ ಮ್ಯಾಲೆ ಬಂದೈತಿ. ಹುಡುಗರಿಗೆ ಗುಳಿಗಿ ಬೇಕಾಗ್ಯಾವು. ಯಾವ ಕಂಪನಿದು ಅಂತ ನೀ ಹೇಳಿದ್ರ ಗಾಂಧಿ ಚೌಕದಾಗ ತಗೊಂಡ ಹೊಕ್ಕೇನಿ.”

“ಚಾಚಾ, ಅದರ ಮ್ಯಾಲೆ ಭರೋಸಾ ಇಡಬ್ಯಾಡ್ರಿ. ಅಣ್ಣಗ ಉಪಯೋಗ ಆಗಲಿಲ್ಲಲ್ಲ,” ಅಂದೆ.

“ಹಂಗ್ಯಾಕ ಅಂತಿ? ಒಂದ ವರ್ಷ ಹೆಚ್ಚಿಗಿ ಬದುಕಿದ ಅಂವಾ. ಡಾಕ್ಟರ ಎಕ್ಸ್‌ರೇ ನೋಡಿ ಕೈ ಬಿಟ್ಟಿದ್ರು, ಅಲ್ಲಿಂದ ಒಂದ ಸೀಜನ್ ಗಂಡಸಿನಂಗ ದುಡದಾನ. ಅದು ನೀ ಕೊಟ್ಟ ಆಯುಷ್ಯ. ನನಗೂ ಅವನ ಹೇಳಿದ್ದ, ತಂಗಿ ಇಲ್ಲದಿದ್ರ ನಾ ಯಾವತ್ತೋ ಹೋಗಿರ್ತಿದ್ದೆ ಅಂತ.”

ಅಣ್ಣ ಹಾಗೆಂದಿದ್ದನೇ? ಎಂದು? ಕೇಳಬೇಕೆನಿಸಿತು, ಇನ್ನೊಮ್ಮೆ ಹೇಳಲಿ ಎನಿಸಿತು. ಇಷ್ಟು ತಿಂಗಳಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಎದೆಯ ಮೇಲಿನ ಭಾರ ಸರಿದಂತಾಗಿ ಅಳು ಬಂತು. ಚಾಚಾ ತಲೆ ಸವರಿದರು, ಮತ್ತೆ ಹೆಸರು ಕೇಳಿದರು. ನಾನು ಕಂಪನಿಯ ಹೆಸರು ಹೇಳಿದೆ. ಮಾಸ್ಕ್ ಮಾತ್ರ ಮರೆಯಬೇಡಿ ಅಂದೆ. ಹೂಂ ಅಂದರು. ಚಪ್ಪಲಿ ಮೆಟ್ಟಿ ಓಣಿಗಿಳಿದರು.

ಆಗ ಪರದೆ ಸರಿಯಿತು. ಭಾಬಿ ನನ್ನನ್ನು ದಾಟಿ ಹೊಸ್ತಿಲ ತನಕ ಬಂದಳು. ಒಂದು ಕ್ಷಣ ನಿಂತಳು. ಆಮೇಲೆ ಬರಿಗಾಲಲ್ಲಿ, ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಲೆಕ್ಕಿಸದೆ, ಓಣಿಗೆ ಓಡಿದಳು. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ಕೊಡ ಬಿಟ್ಟು ನಿಂತರು. ಯಾರೋ “ಯಾ ಅಲ್ಲಾಹ್, ಇದ್ದತ್ತಿನಾಗ!” ಅಂದರು.

“ಚಾಚಾ, ನಿಂದರ್ರಿ! ಆ ಗುಳಿಗಿ ನಂಬಿ ಟಾಂಕ್ಯಾಗ ಇಳೀಬ್ಯಾಡ್ರಿ! ನನ್ನ ಗಂಡ ಅದನ್ನ ನಂಬೇ ಸತ್ತಾನ್ರಿ! ಅಕಿಗೆ ಗೊತ್ತೈತಿ, ಅಕಿ ಹೇಳಂಗಿಲ್ಲ!”

ಚಾಚಾ ಆಟೋದಲ್ಲಿ ಒಂದು ಕಾಲಿಟ್ಟವರು ತಿರುಗಿ ನೋಡಿದರು. ಅವಳನ್ನಲ್ಲ, ಅವಳ ತಲೆಯ ಮೇಲಿಂದ ನನ್ನ ಕಡೆ. ಹೌದೋ ಅಲ್ಲವೋ ಎಂದು ಕೇಳುವಂತೆ. ಭಾಬಿಯೂ ತಿರುಗಿದಳು. ಇಡೀ ಓಣಿಯೇ ನನ್ನತ್ತ ನೋಡುತ್ತಿತ್ತು.

ನಾನು ಬಾಗಿಲಲ್ಲೇ ನಿಂತಿದ್ದೆ. ಚಾಚಾ ಹತ್ತಿ ಕುಳಿತರು, ಆಟೋ ಗಾಂಧಿ ಚೌಕದ ಕಡೆ ಹೋಯಿತು.